ಕಾಲ್ಗುಣದ ಸೀಟು

ನಾನು ಕಾರಿನಲ್ಲಿ ಕೂಸುಗಳನ್ನು ಕೂರಿಸುವ ಸೀಟು. ಕಪ್ಪು ಪ್ಲಾಸ್ಟಿಕ್ ಹರಳುಗಳು ಕರಗಿ, ಉಕ್ಕಿನ ಅಚ್ಚಿನೊಳಗೆ ನುಗ್ಗಿ, ಒಂದೆರಡು ನಿಮಿಷದಲ್ಲಿ ಗಟ್ಟಿಯಾದದ್ದೇ ನನ್ನ ಹುಟ್ಟು. ಆಮೇಲೆ ಐದು ಪಟ್ಟಿ, ಒಂದು ಕೆಂಪು ಗುಂಡಿ, ಮೈತುಂಬ ಬೂದುಬಣ್ಣದ ಹೊದಿಕೆ.

ನನ್ನ ಜೊತೆಗೇ ಹುಟ್ಟಿದ ಇನ್ನೊಂದು ಸೀಟನ್ನು ಪರೀಕ್ಷೆಗೆ ಒಯ್ದರು. ಅದರಲ್ಲಿ ಗೊಂಬೆಯೊಂದನ್ನು ಕಟ್ಟಿ, ಹಳಿಯ ಮೇಲೆ ವೇಗವಾಗಿ ಓಡಿಸಿ, ತಟ್ಟನೆ ನಿಲ್ಲಿಸಿದರು. ಗೊಂಬೆಗೆ ಏನೂ ಆಗಲಿಲ್ಲ. ಎಲ್ಲರ ಮುಖ ಅರಳಿತು. ಮರುಗಳಿಗೆ ಆ ಸೀಟನ್ನು ಪುಡಿ ಮಾಡುವ ಯಂತ್ರಕ್ಕೆ ಹಾಕಿದರು. ಹೊರನೋಟಕ್ಕೆ ಅದು ನನ್ನಷ್ಟೇ ಚೆನ್ನಾಗಿತ್ತು. ನಮ್ಮ ಕುಲದ ನಿಯಮ ನನಗೆ ತಿಳಿದದ್ದು ಅಂದು. ಪೆಟ್ಟಿನ ಬಲವನ್ನು ನಾವು ನಮ್ಮ ಮೈಯೊಳಗೆ ಹೀರಿಕೊಳ್ಳುತ್ತೇವೆ. ಒಮ್ಮೆ ಮಾತ್ರ.

ನನ್ನನ್ನು ಕೊಂಡವನು ಹುಬ್ಬಳ್ಳಿಯ ಮಹಾಂತೇಶ. ಮಗಳು ಅನ್ವಿತಾಗೆ ಆಗ ಮೂರು ತಿಂಗಳು. ಕೂಸಿನ ಮುಖ ಕಾರಿನ ಹಿಂಬದಿಗೆ ಇರುವಂತೆ ನನ್ನನ್ನು ಇಟ್ಟು, ಕಾರಿನ ಬೆಲ್ಟನ್ನು ನನ್ನ ಬೆನ್ನಿನ ಸಂದಿಯಲ್ಲಿ ಹಾಯಿಸಿ, ಮೊಣಕಾಲೂರಿ, ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಎಳೆದ. ಅಲ್ಲಾಡಿಸಿದ. ಎರಡು ಬೆರಳಿನಷ್ಟು ಸರಿದೆ. ಬಿಚ್ಚಿ ಮತ್ತೆ ಕಟ್ಟಿದ.

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಗಂಗವ್ವ ನಕ್ಕಳು. "ಏನೋ ಮಾಂತೇಶಾ, ಕೂಸಿಗೆ ಸೀಟ್ ಕಟ್ಟಾಕತ್ತಿಯೋ, ಎತ್ತಿಗೆ ನೊಗ ಕಟ್ಟಾಕತ್ತಿಯೋ?"

"ಬುಕ್ಕಿನ್ಯಾಗ ಹಿಂಗ ಬರದಾರವ್ವಾ."

ಹದಿನಾಲ್ಕು ಪುಟದ ಆ ಪುಸ್ತಕದಲ್ಲಿ ಅವನು ಒಂಬತ್ತನ್ನು ಓದಿದ. ಕಟ್ಟುವ ಕ್ರಮ ಅಲ್ಲಿಗೆ ಮುಗಿದಿತ್ತು. ನನ್ನ ಕುಲದ ನಿಯಮ ಹದಿಮೂರನೆಯ ಪುಟದಲ್ಲಿತ್ತು.

ಐದು ತಿಂಗಳ ನಂತರ ಒಂದು ಮಧ್ಯಾಹ್ನ, ಅಣ್ಣಿಗೇರಿಯ ಹತ್ತಿರ, ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಒಮ್ಮೆಲೇ ರಸ್ತೆಗೆ ಅಡ್ಡ ಬಂತು. ಬ್ರೇಕಿನ ಕಿರುಚಾಟ, ಆಮೇಲೆ ಡಿಕ್ಕಿ. ಅನ್ವಿತಾಳ ಭಾರವೆಲ್ಲ ಎಷ್ಟೋ ಪಟ್ಟು ಹೆಚ್ಚಾಗಿ ನನ್ನ ಬೆನ್ನಿಗೆ ಬಂದು ಒರಗಿತು. ನಾನು ಬಾಗಿದೆ. ಒಳಗೆಲ್ಲೋ ತೆಳುವಾದ ಒಂದು ಸದ್ದಾಯಿತು. ನನಗಲ್ಲದೆ ಯಾರಿಗೂ ಕೇಳಿಸದಷ್ಟು ಸಣ್ಣ ಸದ್ದು. ಮಹಾಂತೇಶನ ಕೈ ಮುರಿದಿತ್ತು. ಕೂಸು ಒಂದೆರಡು ನಿಮಿಷ ಅತ್ತು, ಹಾಲು ಕುಡಿದು ನಿದ್ದೆಹೋಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಯಂತ್ರಕ್ಕೆ ಹೋಗಲು ನಾನು ಸಿದ್ಧನಾಗಿದ್ದೆ. ಆದರೆ ಗಂಗವ್ವ ನನಗೆ ವಿಭೂತಿ ಹಚ್ಚಿ, ಕೊರಳಿಗೆಂಬಂತೆ ಕಪ್ಪು ದಾರ ಕಟ್ಟಿದಳು. ಮಕ್ಕಳು ಚೆನ್ನಾಗಿ ಬಾಳಿದ ಮನೆಯ ತೊಟ್ಟಿಲನ್ನು ಬಾಣಂತಿಗೆ ಎರವಲು ತರುವುದು ಅವಳ ತವರಿನ ರೂಢಿ. ತೊಟ್ಟಿಲಿಗೆ ಕಾಲ್ಗುಣ ಇರುತ್ತದೆ, ಅದರ ಬಟ್ಟೆ ಒಗೆದರೆ ಗುಣ ನೀರುಪಾಲಾಗುತ್ತದೆ ಎಂದು ಅವಳು ನಂಬಿದ್ದಳು. "ಇದನ್ನ ಯಾರೂ ತೊಳಿಬ್ಯಾಡ್ರಿ. ಕೂಸಿನ ಜೀವಾ ಉಳಿಸೇತಿ ಇದು."

ಹೀಗೆ ನನ್ನ ಹೊದಿಕೆ ಬಿಚ್ಚುವವರೇ ಇಲ್ಲವಾದರು. ಕಾರು ಗ್ಯಾರೇಜಿನಿಂದ ಹೊಸ ಮೂತಿ ಪಡೆದು ಬಂತು. ನಾನು ಹಾಗೆಯೇ ಅದರೊಳಗೆ ಕುಳಿತೆ. ಬಿಸಿಲಿಗೆ ಕಾರು ಕಾಯುತ್ತಿತ್ತು, ಸಂಜೆಗೆ ತಣ್ಣಗಾಗುತ್ತಿತ್ತು. ಪ್ರತಿ ಸಲವೂ ಅಂದು ನನ್ನೊಳಗೆ ಬಿದ್ದ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತಿತ್ತು. ಅನ್ವಿತಾ ಬೆಳೆದು ದೊಡ್ಡ ಸೀಟಿಗೆ ಹೋದಳು. ಅವಳಿಗೆ ಏನೂ ಆಗಲಿಲ್ಲ. ಅದು ನನ್ನಿಂದಲ್ಲ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಯಾವುದೂ ಅಡ್ಡ ಬರಲಿಲ್ಲ, ಅಷ್ಟೆ.

ಆಮೇಲೆ ಗಂಗವ್ವನ ಮಗಳು ನಾಗವೇಣಿ ಬಾಣಂತನಕ್ಕೆ ಬಂದಳು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅವಳ ಮಗನನ್ನು ಲಸಿಕೆಗೆ ಒಯ್ಯುವಾಗ ನನ್ನಲ್ಲೇ ಕೂರಿಸಿದರು. ವಾಪಸು ಬರುವಾಗ ಅವನು ಕುಡಿದ ಹಾಲನ್ನೆಲ್ಲ ನನ್ನ ಮೇಲೆ ಕಕ್ಕಿದ. ಗಂಗವ್ವ ಬೇಡವೆಂದರೂ ಕೇಳದೆ ನಾಗವೇಣಿ ಹೊದಿಕೆ ಎಳೆದು ತೆಗೆದಳು. ಕಪ್ಪು ಬೆನ್ನಿನ ಮೇಲೆ ಗೇಣುದ್ದದ ಬಿಳಿ ಗೆರೆ. ಅವಳು ಬೆರಳಿನಿಂದ ಒತ್ತಿದಳು. ಗೆರೆ ಬಾಯಿ ಬಿಟ್ಟಿತು.

"ಅಣ್ಣಾ, ಇದು ಆವತ್ತು ಗಾಡ್ಯಾಗ ಇದ್ದ ಸೀಟೇನು?"

"ಹೌದು. ಯಾಕ?"

ಅವಳು ಕೂಸನ್ನು ಎದೆಗವಚಿಕೊಂಡಳು.

"ಗೆರಿ ಬಿದ್ರ ಏನಾತು?" ಎಂದಳು ಗಂಗವ್ವ. "ಕೂಸಿನ ಗಂಡಾಂತರಾನ ತಾನು ತಿಂದೈತಿ."

"ಖರೇ ಅವ್ವಾ, ತಿಂದೈತಿ. ಹೊಟ್ಟಿ ತುಂಬೇತಿ ಅದಕ್ಕ. ಇನ್ನೊಂದು ಗಂಡಾಂತರ ಬಂದ್ರ ತಿನ್ನಂಗಿಲ್ಲ. ಮತ್ತ ಯಾರೂ ಬಳಸಬಾರದಂಗ ಪಟ್ಟಿ ಕತ್ತರಿಸಿ ಒಗದುಬಿಡು."

"ಆತು, ಒಗೀತೇನಿ ತಗೋ," ಎಂದಳು ಗಂಗವ್ವ.

ನನ್ನ ಬಗ್ಗೆ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ನಾಗವೇಣಿಯದು. ಮಗನಿಗೆ ಹೊಸ ಸೀಟು ತರಿಸಿ ಅವಳು ಗಂಡನ ಊರಿಗೆ ಹೋದಳು. ಗಂಗವ್ವ ಕತ್ತರಿ ಹಿಡಿದು ನನ್ನ ಮುಂದೆ ಕುಳಿತಳು. ಪಟ್ಟಿಯನ್ನು ಕತ್ತರಿಯ ಬಾಯಿಗೆ ಕೊಟ್ಟಳು. ತೊಟ್ಟಿಲ ಹಗ್ಗ ಕಡಿದಂತಾದೀತು ಎನ್ನಿಸಿತೋ ಏನೋ, ಕೈ ನಿಂತಿತು. ನನ್ನನ್ನು ಅಟ್ಟಕ್ಕೆ ಏರಿಸಿದಳು.

ಒಂದು ವರ್ಷ ಅಲ್ಲಿದ್ದೆ. ಅದೇ ನನ್ನ ಕೊನೆ ಎಂದುಕೊಂಡಿದ್ದೆ.

ಪಕ್ಕದ ಮನೆಯ ಕಮಲವ್ವನ ಸೊಸೆ ವೈಶಾಲಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತು, ಹೆಣ್ಣುಕೂಸು ಹುಟ್ಟಿತು. ಕಮಲವ್ವ ಬಂದು ಗಂಗವ್ವನ ಎರಡೂ ಕೈ ಹಿಡಿದುಕೊಂಡಳು. "ಗಂಗಕ್ಕಾ, ಆ ಕೂಸು ಉಳಿಸಿದ ಸೀಟ್ ನಮಗ ಕೊಡ್ರಿ. ಇಲ್ಲ ಅನ್ನಬ್ಯಾಡ್ರಿ."

ಗಂಗವ್ವ ಇಲ್ಲ ಎನ್ನಲಿಲ್ಲ. ಅವಳು ಕೆಟ್ಟವಳಲ್ಲ. ತನ್ನಲ್ಲಿದ್ದ ಅತ್ಯಂತ ಒಳ್ಳೆಯದನ್ನು ಕೊಡುತ್ತಿದ್ದೇನೆ ಎಂದೇ ತಿಳಿದಿದ್ದಳು. ಗೆರೆ ಕಂಡು ಬಾಣಂತಿ ಹೆದರಬಾರದೆಂದು ಹೊದಿಕೆಯನ್ನು ಮತ್ತೆ ಹಾಕಿ, ಅದರ ಅಂಚನ್ನು ಸುತ್ತಲೂ ದಪ್ಪ ದಾರದಲ್ಲಿ ಹೊಲಿದಳು. ಒಮ್ಮೆ ಪೆಟ್ಟು ತಿಂದ ಸೀಟನ್ನು ಮತ್ತೆ ಬಳಸಬಾರದು ಎಂದು ನನ್ನ ಅಡಿಯಲ್ಲಿ ಅಂಟಿಸಿದ್ದ ಎಚ್ಚರಿಕೆಯ ಚೀಟಿಯೂ ಆ ಹೊಲಿಗೆಯೊಳಗೆ ಸೇರಿತು. ಕೊಡುವಾಗ ಹೇಳಿದಳು: "ಒಂದ ಮಾತು, ವೈಶಾಲಿ. ಇದನ್ನ ತೊಳಿಬ್ಯಾಡವಾ."

ಈಗ ನಾನು ವೈಶಾಲಿಯ ಕಾರಿನಲ್ಲಿದ್ದೇನೆ. ಅವಳ ಗಂಡ ಮೊಣಕಾಲೂರಿ ಬೆಲ್ಟನ್ನು ಬಿಗಿದ. ಅಲ್ಲಾಡಿಸಿ ನೋಡಿದ. "ಒಂಚೂರೂ ಅಳ್ಳಾಡಂಗಿಲ್ಲ ನೋಡು," ಎಂದ. ಅವಳು ಸಮಾಧಾನದ ಉಸಿರು ಬಿಟ್ಟಳು. ಅವನು ಬಿಗಿದದ್ದರಲ್ಲಿ ತಪ್ಪೇನೂ ಇಲ್ಲ.

ವಾರಕ್ಕೊಮ್ಮೆ ಗದಗಿಗೆ ಹೋಗುತ್ತೇವೆ. ಅಣ್ಣಿಗೇರಿ ದಾಟುವಾಗ ನನ್ನ ಬೆನ್ನು ಸಣ್ಣಗೆ ಕಿರ್ ಎನ್ನುತ್ತದೆ. ಹಾಡಿನ ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ. ಕೂಸಿನ ಹೆಸರು ಇಂಚರಾ. ಅವಳು ಬೆಚ್ಚಗಿದ್ದಾಳೆ, ಹಗುರಾಗಿದ್ದಾಳೆ, ನನ್ನ ಕಪ್ಪು ದಾರವನ್ನು ಹಿಡಿದು ಬಾಯಿಗೆ ಎಳೆದುಕೊಳ್ಳುತ್ತಾಳೆ. ಅವಳು ಒಮ್ಮೆಯೂ ಹಾಲು ಕಕ್ಕಿಲ್ಲ. ಎಂಥ ಜಾಣ ಕೂಸು ಎಂದು ಎಲ್ಲರೂ ಹೊಗಳುತ್ತಾರೆ.

ರಸ್ತೆಯ ಪ್ರತಿ ಉಬ್ಬಿಗೂ ನಾನು ಬೇಡಿಕೊಳ್ಳುತ್ತೇನೆ: ಕಕ್ಕು ತಾಯಿ, ಹೊಲಿಗೆ ಬಿಚ್ಚಿ ಹೊದಿಕೆ ತೆಗೆಯಲೇಬೇಕಾಗುವಷ್ಟು ಕಕ್ಕು.