ಹಳೆಯ ಕರ್ನೆಲಿಗೆ ಕೂತ ತೇಪೆ

ಉಮ್ಮನ ಎಡಗಾಲಿನ ಹೆಬ್ಬೆರಳು ಕಂಬಳಿಯಿಂದ ಹೊರಗೆ ಬಂದಿದೆ, ಹೊದಿಸಬೇಕು, ಹೊದಿಸಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಎಷ್ಟು ಹೊತ್ತಾಯಿತು ಎಂದು ಕೇಳುತ್ತಾಳೆ, ಒಂದೂಮುಕ್ಕಾಲು ಗಂಟೆ ಆಯ್ತುಮ್ಮಾ, ಇನ್ನು ಎರಡೂಕಾಲು — ಮಂಗಳವಾರ ಶುಕ್ರವಾರ ಬಂದ್ಯೋಡಿನಿಂದ ರಿಕ್ಷಾ ಹಿಡಿದು ಉಪ್ಪಳದ ಈ ಡಯಾಲಿಸಿಸ್ ಹಾಲಿಗೆ ಬರುವುದು, ನಾಲ್ಕು ಮಂಚ, ನಾಲ್ಕು ಯಂತ್ರ, ಹೆದ್ದಾರಿಯಲ್ಲಿ ಲಾರಿ ಹೋದರೆ ನಡುಗುವ ಗಾಜು, ಉಮ್ಮನ ರಕ್ತ ಟ್ಯೂಬಿನಲ್ಲಿ ಹೊರಗೆ ಹೋಗಿ ತೊಳೆದು ಒಳಗೆ ಬರುವ ತನಕ ನಾನು ಸ್ಟೂಲಿನ ಮೇಲೆ, ಮಡಿಲಲ್ಲಿ ಲ್ಯಾಪ್‌ಟಾಪ್. ಮಗಳದ್ದು ಎಂತ ಕೆಲಸ ಎಂದು ಪಕ್ಕದ ಮಂಚದ ಕೂಸಪ್ಪಣ್ಣ ಕೇಳಿದಾಗ ಉಮ್ಮ ಹೇಳಿದ್ದು, ಹಳೇ ಕಂಪ್ಯೂಟರ್ ರಿಪೇರಿ, ನಮ್ಮ ಫಾಯಿಝಾ ಮನೆಯಲ್ಲೇ ಕೂತು ಮಾಡ್ತಾಳೆ. ಸುಳ್ಳೇನಲ್ಲ. ಕಂಪ್ಯೂಟರಿನ ಒಳಗಿನ ಒಳಗೆ ಕರ್ನೆಲ್ ಎಂಬುದೊಂದಿದೆ, ಉಳಿದ ಪ್ರೋಗ್ರಾಮುಗಳಿಗೆಲ್ಲ ಜಾಗ ಕೊಡುವುದು, ವಾಪಸು ತೆಗೆದುಕೊಳ್ಳುವುದು ಅದರ ಯಜಮಾನಿಕೆ, ಹೊಸ ಕರ್ನೆಲಿನಲ್ಲಿ ಯಾರೋ ಒಂದು ತಪ್ಪು ಸರಿಮಾಡುತ್ತಾರೆ, ಅದೇ ತೇಪೆಯನ್ನು ಹತ್ತು ವರ್ಷ ಹಳೆಯ ಕರ್ನೆಲುಗಳಿಗೆ ತಂದು ಕೂರಿಸುವವಳು ನಾನು, ಯಾಕೆಂದರೆ ಯಂತ್ರ ಮಾಡುವ ಕಂಪನಿಗಳು ಒಮ್ಮೆ ಒಳಗಿಟ್ಟ ಕರ್ನೆಲನ್ನು ಸಾಯುವ ತನಕ ಬದಲಿಸುವುದಿಲ್ಲ, ತೇಪೆ ಮಾತ್ರ ಹಾಕಿಸಿಕೊಳ್ಳುತ್ತವೆ. ಮನೀಶ್ ಹತ್ತು ನಿಮಿಷದ ಹಿಂದೆ ಫೋನ್ ತಂದು ತೋರಿಸದಿದ್ದರೆ ನಾನು ಇವತ್ತೂ ನೆಮ್ಮದಿಯಾಗಿ ತೇಪೆ ಹಾಕುತ್ತಾ ಕೂತಿರುತ್ತಿದ್ದೆ.

ಮನೀಶ್ ಇಲ್ಲಿನ ಟೆಕ್ನಿಶಿಯನ್. ಮಂಗಳವಾರ ಕೂಸಪ್ಪಣ್ಣನ ಯಂತ್ರ ನಿಂತಾಗ ತೆಗೆದ ಫೋಟೋ, ಅಕ್ಕಾ, ನಿಮಗೆ ಇದು ಓದ್ಲಿಕ್ಕೆ ಬರ್ತದಾ ನೋಡಿ, ಕಂಪನಿಯವರು ಹೊಸ ಸಾಫ್ಟ್‌ವೇರ್ ಹಾಕಿ ಹೋದ ಮೇಲೆಯೇ ಹೀಗೆ. ಕಪ್ಪು ಪರದೆ, ಬಿಳಿ ಅಕ್ಷರ, ನಾಲ್ಕನೆಯ ಆವೃತ್ತಿಯ ಹಳೆಯ ಕರ್ನೆಲ್, ಕಟ್ಟಕಡೆಯ ಸಾಲಿನಲ್ಲಿ ಒಂದು ಫಂಕ್ಷನ್ನಿನ, ಅಂದರೆ ಒಂದು ಕೆಲಸಕ್ಕೆಂದು ಬರೆದಿಟ್ಟ ಸಾಲುಗಳ ಗುಂಪಿನ, ಹೆಸರು — ಅದಕ್ಕೆ ಕೈ ಹಾಕಿದವಳು ನಾನು, ಜುಲೈಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಮಂಗಳವಾರ ನಾನೂ ಇಲ್ಲೇ ಇದ್ದೆ, ಪರದೆ ಸತ್ತಿತು, ಪಂಪು ನಿಂತಿತು, ಅಲಾರಂ ಬಡಿದುಕೊಂಡಿತು, ರಕ್ತ ಹೊರಗೇ ನಿಂತರೆ ಹೆಪ್ಪುಗಟ್ಟುತ್ತದೆ, ಮನೀಶ್ ಓಡಿಬಂದು ಯಂತ್ರದ ಬೆನ್ನಿನಿಂದ ಕಬ್ಬಿಣದ ಹಿಡಿಯೊಂದನ್ನು ಕಿತ್ತು ಪಂಪಿಗೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿದ, ಒಂದೊಂದು ಸುತ್ತಿಗೆ ಟ್ಯೂಬಿನ ಕೆಂಪು ಒಂದೊಂದು ಗೇಣು ಕೂಸಪ್ಪಣ್ಣನ ತೋಳಿನ ಕಡೆಗೆ, ಅವರ ಮುಖ ಬಿಳುಚಿತ್ತು, ಆದರೂ ನಕ್ಕರು, ನನ್ನ ಹಳೇ ಟೆಂಪೋ ಕೂಡ ಹೀಗೇ ಹ್ಯಾಂಡಲ್ ಹಾಕಿ ತಿರುಗಿಸಿಯೇ ಸ್ಟಾರ್ಟ್ ಮಾಡುದು ಮಾರಾಯ. ಯಾವ ಮುಠ್ಠಾಳನ ಸಾಫ್ಟ್‌ವೇರೋ ಎಂದು ದೊಡ್ಡ ಗಂಟಲಿನಲ್ಲಿ ಹೇಳಿದ್ದು ನಾನು. ಉಗಿದುಕೊಳ್ಳಬೇಕು ನನಗೆ. ಫೋಟೋ ನೋಡಿದ ಮೇಲೆ ಹಳೆಯ ಕಡತ ತೆರೆದು ಸಾಲು ಸಾಲಾಗಿ ಓದಿದೆ, ಜುಲೈಯಲ್ಲಿ ಓದಬೇಕಾಗಿದ್ದ ಹಾಗೆ. ಮೂಲದ ತಪ್ಪು ಇಷ್ಟೇ, ಎರಡು ಕೆಲಸಗಳು ಒಂದೇ ಹೊತ್ತಿಗೆ ಮೆಮೊರಿಯ ಒಂದೇ ಪುಟದಲ್ಲಿ, ಒಂದು ಇನ್ನೂ ಓದುತ್ತಿರುವಾಗ ಇನ್ನೊಂದು ಅದನ್ನು ಖಾಲಿ ಎಂದು ಬಿಟ್ಟುಕೊಡುತ್ತದೆ, ನಮ್ಮ ಮದುವೆಗಳಲ್ಲಿ ನಾಲ್ಕು ಮಂದಿ ಒಂದೇ ಹರಿವಾಣದಲ್ಲಿ ಉಣ್ಣುವಾಗ ಮೂವರು ಎದ್ದದ್ದು ನೋಡಿ ಬಡಿಸುವವ ಹರಿವಾಣ ಎತ್ತಿಬಿಟ್ಟ ಹಾಗೆ, ನಾಲ್ಕನೆಯವನ ಕೈ ಗಾಳಿಯಲ್ಲಿ. ತೇಪೆ ಹೇಳುವುದು, ಬೇರೆ ಯಾರೂ ಆ ಪುಟ ಮುಟ್ಟದ ಹಾಗೆ ಬೀಗ ಹಿಡಿ, ಯಾರಾದರೂ ಇದ್ದಾರೆಯೇ ನೋಡು, ಬೀಗ ಬಿಡದೆ ಎತ್ತು. ಹಳೆಯ ಕರ್ನೆಲಿನಲ್ಲಿ ನೋಡುವುದಕ್ಕೂ ಎತ್ತುವುದಕ್ಕೂ ನಡುವೆ ಬೇರೊಂದು ಕಡತದ ಪುಟ್ಟ ಫಂಕ್ಷನ್ ಆ ಬೀಗವನ್ನು ಕ್ಷಣಹೊತ್ತು ಬಿಟ್ಟು ಮತ್ತೆ ಹಿಡಿಯುತ್ತದೆ, ಹೊಸದರಲ್ಲಿ ಅಂಥ ಫಂಕ್ಷನ್ನೇ ಇಲ್ಲ, ಅದಕ್ಕೇ ನನ್ನ ಕಣ್ಣು ಅತ್ತ ಹೋಗಲಿಲ್ಲ. ಹಳಬರು ಯಾರೋ ಆ ಕ್ಷಣಕ್ಕಾಗಿಯೇ ಎರಡನೆಯ ಸಲ ನೋಡುವ ಸಾಲೊಂದನ್ನು ಬರೆದಿಟ್ಟಿದ್ದರು, ಇನ್ನು ಬೇಡವೆಂದು ಅದನ್ನೂ ನನ್ನ ತೇಪೆ ಅಳಿಸಿತು. ಅಪರೂಪಕ್ಕೆ ಆಗುತ್ತಿದ್ದದ್ದು ಈಗ ಪದೇ ಪದೇ ಆಗುತ್ತದೆ.

ಎಷ್ಟು ಚಂದ ಕೂತಿತ್ತು ಅದು, ಒಂದು ಸಾಲೂ ತಕರಾರು ಮಾಡದೆ — ತಕರಾರು ಮಾಡಿದ್ದರೆ ನೋಡುತ್ತಿದ್ದೆ. ಎಡನೀರಿನ ವೆಂಕಟಕೃಷ್ಣ ಸರ್, ಈ ಕೆಲಸಕ್ಕೆ ನನ್ನನ್ನು ಎಳೆದವರು, ಹನ್ನೊಂದು ವರ್ಷ ನನ್ನ ಒಂದೊಂದು ಸಾಲನ್ನೂ ತಿದ್ದಿದವರು, ನೀನು ಯಾರ ಮಗಳು ಎಂದು ಒಮ್ಮೆಯೂ ಕೇಳದವರು, ಜುಲೈಯ ಆ ದಿನ ನಾನು ಫೋನ್ ಮಾಡಿದಾಗ ಮಠದ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂರುವವರಿದ್ದರು, ಹಿಂದೆ ಚೆಂಡೆ, ತಕರಾರಿಲ್ಲದೆ ಕೂತಿತಾ, ಹಾಗಾದ್ರೆ ನಾನು ನೋಡಿದ ಹಾಗೆಯೇ, ನನ್ನ ಹೆಸರು ಹಾಕು ಎಂದರು. ಹಾಕಿದೆ. ಪರಿಶೀಲಿಸಿದವರು ಎಂಬ ಸಾಲಿನಲ್ಲಿ ಅವರ ಹೆಸರಿದ್ದರೆ ಮತ್ತೆ ಯಾರೂ ಓದುವುದಿಲ್ಲ, ಅಂಥ ಹೆಸರು ಅದು, ಮೂವತ್ತು ವರ್ಷದ್ದು. ಈಗಲೂ ದಾರಿಯಿದೆ, ಸಣ್ಣ ಸುಧಾರಣೆ ಎಂದು ತಲೆಬರಹ ಕೊಟ್ಟು ಅಳಿಸಿದ ಸಾಲನ್ನು ಮೆಲ್ಲನೆ ವಾಪಸು ಹಾಕಬಹುದು, ಯಾರಿಗೂ ಗೊತ್ತಾಗದು, ನನ್ನ ಹೆಸರೂ ಸರ್ ಹೆಸರೂ ನೆಟ್ಟಗಿರುತ್ತವೆ, ಆದರೆ ಸಣ್ಣ ಸುಧಾರಣೆಯನ್ನು ಕಂಪನಿಗಳು ಯಾವಾಗ ಎತ್ತಿಕೊಳ್ಳುತ್ತವೆ, ಆರು ತಿಂಗಳಿಗೆ, ವರ್ಷಕ್ಕೆ, ಅಷ್ಟರೊಳಗೆ ಎಷ್ಟು ಮಂಗಳವಾರ ಶುಕ್ರವಾರ. ಅಪಾಯ, ಹಿಂತೆಗೆಯಿರಿ ಎಂದು ಬರೆದರೆ ಮಾತ್ರ ಇವತ್ತೇ ಎದ್ದು ಕೂರುತ್ತಾರೆ, ಯಾರ ತಪ್ಪು ಎಂದೂ ಕೇಳುತ್ತಾರೆ. ಕಾರಿಡಾರಿಗೆ ಹೋಗಿ ಸರ್‌ಗೆ ಫೋನ್ ಮಾಡಿದೆ, ಎಲ್ಲ ಹೇಳಿದೆ, ಕೇಳಿ ಅವರು ಹೇಳಿದ್ದು ಇಷ್ಟೇ.

ನಾನು ಓದದೆ ಹೆಸರು ಹಾಕಿಸಿದ್ದು ಅಂತ ಬರಿ. ಮೆತ್ತಗೆ ಮಾಡ್ಬೇಡ.

ದನಿ ಮುದುಕರದ್ದಾಗಿತ್ತು, ಮೊದಲ ಸಲ, ನನಗೆ ಅಳು ಬಂತು, ಅಳುತ್ತಲೇ ಕರ್ನೆಲ್ ಕೆಲಸದವರೂ ಕಂಪನಿಗಳೂ ಓದುವ ಬಹಿರಂಗ ಮೇಲ್ ಪಟ್ಟಿಗೆ ಬರೆದೆ, ಜುಲೈಯ ನನ್ನ ತೇಪೆ ಹಳೆಯ ಕರ್ನೆಲಿಗೆ ಅಪಾಯ, ತಕ್ಷಣ ಹಿಂತೆಗೆಯಿರಿ, ನಾನು ಸುತ್ತಲಿನ ಕಡತ ಓದಿರಲಿಲ್ಲ, ಪರಿಶೀಲಿಸಿದವರೂ ಓದಿರಲಿಲ್ಲ, ಒಂದು ಡಯಾಲಿಸಿಸ್ ಯಂತ್ರ ರೋಗಿ ಇರುವಾಗಲೇ ನಿಂತದ್ದನ್ನು ನಾನೇ ನೋಡಿದ್ದೇನೆ — ಕಳಿಸಿದೆ. ಹೋಯಿತು. ಲೋಕವೆಲ್ಲ ಓದಬಹುದು ಈಗ, ಆದರೆ ಈ ನಾಲ್ಕು ಯಂತ್ರಗಳ ಒಳಗೆ ಆ ತೇಪೆ ಇನ್ನೂ ಇದೆ, ಉಮ್ಮನದರೊಳಗೂ, ಎರಡು ಗಂಟೆ ಬಾಕಿ, ನಿಲ್ಲಿಸೋಣವೆಂದರೆ ಮೈಯಲ್ಲಿ ನೀರು ಉಳಿಯುತ್ತದೆ, ಹೋದ ತಿಂಗಳು ಉಸಿರು ಸಿಕ್ಕದೆ ಒದ್ದಾಡಿದ್ದು ಹಾಗೆಯೇ. ಮನೀಶನನ್ನು ಕರೆದು ಹೇಳಿದೆ, ಆ ಮುಠ್ಠಾಳ ನಾನೇ. ಅವನು ನನ್ನನ್ನು ನೋಡಿದ, ಯಂತ್ರ ನೋಡಿದ, ಬೈಯುತ್ತಾನೆಂದುಕೊಂಡೆ, ಡಾಕ್ಟರಿಗೆ ಫೋನ್ ಮಾಡಿ ಬಂದ, ಮುಗಿಸುವುದೇ ಒಳ್ಳೆಯದಂತೆ, ಪ್ರತಿ ಮಂಚಕ್ಕೂ ಒಬ್ಬರು ನಿಲ್ಲಬೇಕಂತೆ.

ಉಮ್ಮನ ಹತ್ರ ನೀವು ನಿಲ್ಲಿ ಅಕ್ಕಾ, ಬನ್ನಿ, ಹಿಡಿ ಎಲ್ಲುಂಟು ತೋರಿಸ್ತೇನೆ.

ತಣ್ಣಗಿದೆ, ಅಂದುಕೊಂಡದ್ದಕ್ಕಿಂತ ಭಾರ, ಯಂತ್ರ ನಿಂತರೆ ಪಂಪಿನ ಈ ಬಾಗಿಲು ತೆಗೆದು ಇಲ್ಲಿ ಸಿಕ್ಕಿಸಬೇಕು, ಬಾಣದ ಗುರುತಿನ ಕಡೆಗೆ, ನಿಧಾನ, ಅವಸರ ಮಾಡಬಾರದು, ಉಮ್ಮ ಕಣ್ಣು ತೆರೆದು ಕೇಳುತ್ತಾಳೆ, ಎಂತ ಅದು ಕೈಯಲ್ಲಿ, ಎಂತ ಇಲ್ಲ ಉಮ್ಮಾ, ನೀನು ಮಲಗು — ಪಂಪು ತಾನಾಗಿ ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ, ನನ್ನ ಕೈಯಲ್ಲಿ ಹಿಡಿ, ಟ್ಯೂಬಿನಲ್ಲಿ ಕೆಂಪು, ಒಂದು ಗೇಣು, ಇನ್ನೊಂದು ಗೇಣು, ಉಮ್ಮನ ತೋಳಿನ ಕಡೆಗೆ, ಒಂದು ಗೇಣು —