ಎರಡು ಇಂಚು ಇಳಿದ ಬೀಮು

ಮೇಸ್ತ್ರಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಸಿದವಳು ಹೊರಗಿನವಳಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಇವಳು ಸ್ವಂತ ತಮ್ಮನ ಹೆಂಡತಿ. ಇಟ್ಟಿಗೆ ಹೊರದೆ, ಗಾರೆ ಮುಟ್ಟದೆ, ಈಗ ಕಟ್ಟುತ್ತಿದ್ದ ಆಸ್ಪತ್ರೆಯ ಐದೂ ಮಹಡಿಯನ್ನು ಕಂಪ್ಯೂಟರಿನೊಳಗೇ ಮೊದಲು ಕಟ್ಟಿ ಮುಗಿಸಿದ್ದಳು. ಯಾವ ಪೈಪು ಯಾವ ಬೀಮಿಗೆ ಗುದ್ದುತ್ತದೆ ಎಂದು ಅಲ್ಲೇ ನೋಡಿ ಅಲ್ಲೇ ಸರಿಪಡಿಸುತ್ತಿದ್ದಳು. ಮೊದಲೆಲ್ಲ ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು. ದುಡ್ಡು ನೀರಾಗುತ್ತಿದ್ದುದೇ ಅಲ್ಲಿ.

"ಈ ಸಲ ಒಂದು ಗೋಡೆನೂ ಒಡೀಲಿಲ್ಲ ನೋಡಿ ಮೇಸ್ತ್ರಿ," ಎಂದು ಗುತ್ತಿಗೆದಾರರು ಕಂಡಕಂಡಲ್ಲಿ ಹೇಳುತ್ತಿದ್ದರು. "ನಿಮ್ಮನೆ ಹುಡುಗಿ ಭಾರಿ ಚುರುಕು."

"ಹೂಂ ಸಾರ್," ಎಂದು ಮೇಸ್ತ್ರಿ ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಎಲ್ಲಿ ಒಡೆಯಬೇಕು, ಎಷ್ಟು ಒಡೆಯಬೇಕು ಎಂದು ಮೂವತ್ತು ವರ್ಷ ಅವರು ಕೇಳಿದ್ದು ಇವನನ್ನೇ. ಒಡೆಯುವುದು ನಿಂತ ಮೇಲೆ ಕೇಳುವುದೂ ನಿಂತಿತ್ತು. ಮುಂದಿನ ಕಟ್ಟಡಕ್ಕೆ ತನ್ನನ್ನು ಕರೆಯುವುದೇ ಅನುಮಾನ.

ಆ ಸೋಮವಾರ ಅವನ ಅದೃಷ್ಟ ಖುಲಾಯಿಸಿತು. ಎರಡನೇ ಮಹಡಿಯಲ್ಲಿ ಏಣಿ ಹತ್ತಿ ಟೇಪು ಹಿಡಿದರೆ, ಒಂದು ಬೀಮು ನಕ್ಷೆಗಿಂತ ಎರಡು ಇಂಚು ಕೆಳಗಿದೆ! ಕಾಂಕ್ರೀಟು ಸುರಿದ ದಿನ ಅದಕ್ಕೆ ಅಡಿಯಲ್ಲಿ ಆನಿಸಿದ್ದ ಸೆಂಟ್ರಿಂಗ್ ಹಲಗೆ ಜಗ್ಗಿರಬೇಕು. ಅದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಆ ಬೀಮಿನಡಿ ಹಾಯಬೇಕಾದ ಎ.ಸಿ. ಗಾಳಿಯ ತಗಡಿನ ಡಕ್ಟುಗಳು ಅವಳು ಕೊಟ್ಟ ಅಳತೆಗೇ ತಯಾರಾಗಲಿದ್ದವು. ಬಂದು ಗುದ್ದಿದರೆ ಅಷ್ಟೂ ಗುಜರಿಗೆ. ಜೊತೆಗೆ ಅವಳ ಜಂಬವೂ. ನಿಜ ಹೇಳಬೇಕೆಂದರೆ ಅವಳಿಗೆ ಜಂಬವೇ ಇರಲಿಲ್ಲ, ಇವನಿಗೆ ಅದೇ ಇನ್ನೂ ಸಂಕಟ.

ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡ. ಮಧ್ಯಾಹ್ನ ಅವಳು ತನ್ನ ಡಬ್ಬಿಯಿಂದ ಇವನಿಗೂ ಊಟ ಬಡಿಸಿ, "ಭಾವ, ಎರಡನೇ ಮಹಡಿ ಎಲ್ಲಾ ಸರಿ ಇದ್ಯಾ?" ಎಂದಳು.

"ನಿನ್ ಕಂಪ್ಯೂಟ್ರು ಇದೆಯಲ್ಲಮ್ಮ, ನನ್ನೇನ್ ಕೇಳ್ತೀಯ," ಎಂದು ತುತ್ತು ನುಂಗಿದ.

ಹತ್ತು ದಿನಕ್ಕೆ ಡಕ್ಟುಗಳು ಬಂದವು. ಮೇಸ್ತ್ರಿ ಕೆಲಸವಿಲ್ಲದಿದ್ದರೂ ಅಲ್ಲೇ ಸುಳಿದಾಡಿದ. ಡಕ್ಟು ಮೇಲೇರಿತು, ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಬೀಮಿನಡಿ ಕೂತಿತು.

ಗುತ್ತಿಗೆದಾರರು ಬಂದು ಇವನ ಬೆನ್ನು ತಟ್ಟಿದರು. "ಭೇಷ್ ಮೇಸ್ತ್ರಿ! ಬೀಮು ಇಳಿದಿರೋದನ್ನ ನೀವೇ ಹಿಡಿದ್ರಂತೆ. ಇಲ್ದಿದ್ರೆ ಇಷ್ಟೂ ತಗಡು ದಂಡ ಆಗ್ತಿತ್ತು ಅಂತ ನಿಮ್ಮ ಹುಡುಗಿನೇ ಹೇಳಿದ್ಲು. ಮುಂದಿನ ಕೆಲಸಕ್ಕೂ ನೀವಿಬ್ರೂ ಇರ್ಬೇಕು."

ಮೇಸ್ತ್ರಿ ತಬ್ಬಿಬ್ಬಾದ. ಅವರು ಅತ್ತ ಹೋದ ಮೇಲೆ ಅವಳು ಪಕ್ಕದ ಪಿಲ್ಲರು ತೋರಿಸಿದಳು. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ಬೀಮು ಎರಡಿಂಚು ಕೆಳಗೆ. ಬರಹ ಅವನದೇ. ಅಳೆದದ್ದನ್ನು ಅಳೆದಲ್ಲೇ ಗೀಚಿಡುವ ಮೂವತ್ತು ವರ್ಷದ ಕೈ, ಅವನನ್ನು ಒಂದು ಮಾತೂ ಕೇಳದೆ ಬರೆದುಬಿಟ್ಟಿತ್ತು.

"ಅವತ್ತು ಊಟ ಆದ್ಮೇಲೆ ಬಂದು ನೋಡ್ದೆ ಭಾವ. ತಕ್ಷಣ ಅಳತೆ ಬದಲಾಯಿಸ್ದೆ. ನೀವು ಹೇಳೋಕೆ ಮರೆತಿದ್ರಿ ಅನ್ಸುತ್ತೆ," ಎಂದಳು, ಇವನ ಮುಖ ನೋಡದೆ.

ಅವಳಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಇವನ ಮಾನ ಉಳಿಸಿದ್ದಾಳೆ. ಇಷ್ಟು ದಿನ ಮೇಸ್ತ್ರಿ ಹೊಟ್ಟೆಕಿಚ್ಚು ಪಟ್ಟದ್ದು ಅವಳ ವಿದ್ಯೆಗೆ. ವಿದ್ಯೆಯನ್ನಾದರೂ ಹೇಗೋ ಕಲಿಯಬಹುದು. ಈ ದೊಡ್ಡ ಮನಸ್ಸು ತನಗೆ ಯಾವತ್ತೂ ಬರುವುದಿಲ್ಲವಲ್ಲ ಎಂದು ಅವನು ನಿಂತಲ್ಲೇ ಉರಿದುಹೋದ.