ನುಣ್ಣಗಿನ ಕೆನ್ನೆ

"ಈ ಗಡ್ಡ ತೆಗೆದ ಪುಣ್ಯಾತ್ಮ ಯಾರು?" ಎಂದಳು ಆಸ್ಪತ್ರೆಯಲ್ಲಿ ಕಿರಣದ ಯಂತ್ರ ನಡೆಸುವ ಹೆಂಗಸು.

ಪುಣ್ಯಾತ್ಮ ತಮ್ಮನ ಅಂಗಿ ಹಿಡಿದು ಬಾಗಿಲಲ್ಲೇ ನಿಂತಿದ್ದ. "ನಾನೇ ಮೇಡಂ, ಇವನ ಅಣ್ಣ. ಕ್ಷೌರದಂಗಡಿ ನಮ್ದು. ಯಾಕೆ, ಎಲ್ಲಾದ್ರೂ ಕೂದಲು ಉಳೀತಾ?"

ಅವಳು ನಗಲಿಲ್ಲ. ಮಲಗಿದ್ದ ತಮ್ಮನ ಮುಖಕ್ಕೆ ತೊಡಿಸಿದ್ದ ಜಾಲರಿ ಮೊಗವಾಡವನ್ನು ಬೆರಳಿನಿಂದ ಅಲುಗಿಸಿ ತೋರಿಸಿದಳು. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖಕ್ಕೆ ಒತ್ತಿ ಅದರ ಅಚ್ಚು ತೆಗೆದಾಗ ಗುಬ್ಬಿ ಗೂಡು ಕಟ್ಟುವಷ್ಟು ಗಡ್ಡವಿತ್ತು. ಈಗ ಕೆನ್ನೆಯ ಪಕ್ಕ ಬೆರಳು ತೂರುತ್ತಿತ್ತು.

"ತಲೆ ಒಂದು ಕೂದಲೆಳೆಯಷ್ಟೂ ಅಲುಗಬಾರದು. ತಲೆಯೊಳಗಿನ ಗಂಟು ಇರೋದು ಕಣ್ಣಿನ ನರದ ಮಗ್ಗುಲಲ್ಲೇ. ಕಿರಣ ಆ ಕಡೆ ಜರುಗಿದ್ರೆ ಇರೋ ಒಂದು ಕಣ್ಣೂ ಹೋಗುತ್ತೆ. ಹೊಸ ಅಚ್ಚು, ಹೊಸ ಸ್ಕ್ಯಾನ್ ಎಲ್ಲಾ ಆಗ್ಬೇಕು. ಇವತ್ತಂತೂ ಆಗಲ್ಲ."

ಅಂಗಡಿಯ ಎರಡು ಕುರ್ಚಿಗಳಲ್ಲಿ ಒಂದು ತಮ್ಮನದು. ಗಂಟು ಬಲಗಣ್ಣನ್ನು ನುಂಗಿದ ಮೇಲೂ ಎಡಗಣ್ಣನ್ನೇ ನಂಬಿ ಕತ್ತರಿ ಹಿಡಿಯುತ್ತಿದ್ದ. ಹಿಂದೆಲ್ಲ ಆಪರೇಷನ್ನಿಗೆ ಮುಂಚೆ ರೋಗಿಯ ಕೂದಲು ತೆಗೆಯಲು ಆಸ್ಪತ್ರೆಯವರು ಅಣ್ಣನನ್ನೇ ಕರೆಸುತ್ತಿದ್ದರು. ಇಲ್ಲಿ ಚಾಕುವಿಲ್ಲ, ಹೊಲಿಗೆಯಿಲ್ಲ, ರೋಬಾಟಿನ ತೋಳು ತಲೆಯ ಸುತ್ತ ತಿರುಗಿ ಕಿರಣ ಬಿಡುತ್ತದಷ್ಟೇ ಎಂದು ಡಾಕ್ಟರು ಎಷ್ಟು ಬಿಡಿಸಿ ಹೇಳಿದ್ದರೂ ಅವನ ಕೈ ಕೇಳಬೇಕಲ್ಲ. ಬೆಳಿಗ್ಗೆ ತಮ್ಮನನ್ನು ಕೂರಿಸಿ, ನೊರೆ ಹಚ್ಚಿ, ಮದುವಣಿಗನ ಹಾಗೆ ಮಾಡಿ ಕರೆತಂದಿದ್ದ.

"ಇಷ್ಟು ವರ್ಷ ನಿನ್ನನ್ನ ಈ ಗಡ್ಡ ಮುಟ್ಟೋಕೆ ಬಿಟ್ಟಿರ್ಲಿಲ್ಲ," ಎಂದ ತಮ್ಮ, ಅಂಗಿ ತೊಡುತ್ತಾ. "ಸಿಕ್ಕಿದ್ದೇ ಸಾಕು ಅಂತ ನೀನು ಬೋಳಿಸಿಬಿಟ್ಟೆ."

"ಬಾಯ್ತುಂಬ ಬೈದುಬಿಡೋ."

"ಬೈದ್ರೆ ಬೆಳೆಯುತ್ತಾ?"

ಸರದಿ ಕಾದು, ತಿಂಗಳ ಮೇಲೆ ಹೊಸ ಸ್ಕ್ಯಾನ್ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡರು. ಗಂಟು ಬೆಳೆದು ನರಕ್ಕೆ ತಾಗಿಕೊಂಡಿತ್ತು. ನರವನ್ನು ಬಿಟ್ಟು ಗಂಟನ್ನಷ್ಟೇ ಸುಡುವುದು ಇನ್ನು ಆಗದ ಮಾತು. ಸುಟ್ಟರೆ ಎಡಗಣ್ಣೂ ಹೋಗುತ್ತದೆ, ಸುಮ್ಮನೆ ಬಿಟ್ಟರೆ ಜೀವಕ್ಕೇ ಕುತ್ತು.

"ಅವತ್ತೇ ಮಾಡಿದ್ದಿದ್ರೆ, ಡಾಕ್ಟ್ರೇ?" ಎಂದ ಅಣ್ಣ.

ಡಾಕ್ಟರು ಬೆಣ್ಣೆ ಹಚ್ಚಿ ಮಾತಾಡುವವರಲ್ಲ. "ಅವತ್ತು ಸ್ವಲ್ಪ ಜಾಗ ಇತ್ತು. ಕಣ್ಣು ಉಳೀತಿತ್ತು ಅಂತ ಹೇಳಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ."

ಅಣ್ಣ ತನ್ನ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಮಾಡಿ," ಎಂದ ತಮ್ಮ.

ಮಾಡಿದರು. ಹೊರಗಿನ ಪರದೆಯಲ್ಲಿ ಅಣ್ಣ ನೋಡಿದ. ತೋಳು ತಲೆಯ ಬಳಿ ಬಗ್ಗಿ, ನಿಂತು, ಪಕ್ಕಕ್ಕೆ ಸರಿದು, ಮತ್ತೆ ಬಗ್ಗುತ್ತಿತ್ತು. ತಾನು ಗಿರಾಕಿಯ ಸುತ್ತ ತಿರುಗುವುದೂ ಹೀಗೇ ಅನ್ನಿಸಿತು. ದಿನ ಬಿಟ್ಟು ದಿನ ಕರೆದರು. ತಮ್ಮ ಪ್ರತಿ ಸಲವೂ ಮೊದಲಿಗಿಂತ ನಿಧಾನವಾಗಿ ನಡೆದು ಬಂದ.

ಕೊನೆಯ ದಿನ ಮೊಗವಾಡ ಬಿಚ್ಚಿದ ಮೇಲೆ ಅಣ್ಣನನ್ನು ಒಳಗೆ ಬಿಟ್ಟರು. ತಮ್ಮನ ಕೆನ್ನೆ ತುಂಬ ಜಾಲರಿಯ ಗೆರೆಗಳಿದ್ದವು.

"ನೋವಾಯ್ತೇನೋ?"

"ಇಲ್ಲಣ್ಣ. ಬಿಸೀನೂ ಆಗಲ್ಲ. ನನ್ನ ಕುರ್ಚಿಗೆ ಯಾರನ್ನಾದ್ರೂ ನೋಡು."

"ಖಾಲೀನೇ ಇರ್ಲಿ ಬಿಡು."

"ಖಾಲಿ ಕುರ್ಚಿ ನೋಡ್ಕೊಂಡು ಅಳ್ತಾ ನಿಂತ್ರೆ ಗಿರಾಕಿ ಕಿವಿ ಕುಯ್ತೀಯ."

ತಮ್ಮ ಮಂಚದ ಅಂಚಿಗೆ ಸರಿದು ಚಪ್ಪಲಿಗಾಗಿ ಕಾಲು ಇಳಿಬಿಟ್ಟ. ಚಪ್ಪಲಿ ಬೆಳ್ಳನೆಯ ದೀಪದ ಕೆಳಗೆ, ಕಣ್ಣೆದುರೇ ಇತ್ತು. ಕಾಲು ಪಕ್ಕದ ಬರಿನೆಲಕ್ಕೆ ಬಿದ್ದು ಅತ್ತಿತ್ತ ತಡಕಾಡಿತು. ಅಣ್ಣ ಬಗ್ಗಿ, ಸದ್ದಾಗದ ಹಾಗೆ, ಚಪ್ಪಲಿಯನ್ನು ಅದರಡಿಗೆ ಸರಿಸಿದ.